ಅಜ್ಜಿ ಜೀವ ಉಳಿಸಿದ ಮಗ ಯಾರಿಗೂ ಒಂದು ಥ್ಯಾಂಕ್ಸ್ ಹೇಳಲ್ಲ, ಇದು ಅಹಂಕಾರನಾ?

ಪ್ರಶ್ನೆ: ಮೇಡಂ ನಮಸ್ತೆ, ನಾವು ದಾವಣಗೆರೆಯವ್ರು. ಮಗಳಿಗೆ 12 ವರ್ಷ, ಮಗನಿಗೆ ಎಂಟೂವರೆ, ಮೂರನೇ ಕ್ಲಾಸು. ನಮ್ಮ ಅತ್ತೆಗೆ 67, ಶುಗರ್ ಇದೆ. ಮೂರು ವಾರದ ಹಿಂದೆ ಏಕಾದಶಿ ದಿನ ಬೆಳಗ್ಗೆ ಅಭ್ಯಾಸಬಲದಲ್ಲಿ ಮಾತ್ರೆ ನುಂಗಿದಾರೆ, ಉಪವಾಸ ಅಂತ ಏನೂ ತಿಂದಿಲ್ಲ. ನಾನು ಮಾರ್ಕೆಟ್‌ಗೆ ಹೋಗಿದ್ದೆ, ಯಜಮಾನ್ರು ಅಂಗಡಿಲಿದ್ರು. ಹನ್ನೊಂದು ಗಂಟೆ ಹೊತ್ತಿಗೆ ಅತ್ತೆಗೆ ಬೆವರು, ಕೈ ನಡುಕ, ಏನೇನೋ ಬಡಬಡಿಸೋಕೆ ಶುರು ಮಾಡಿದಾರೆ. ಮಗ ಅಡುಗೆಮನೆಗೆ ಓಡಿ ನೀರಿಗೆ ಸಕ್ಕರೆ ಕಲಸಿ ಕುಡಿಸಿದಾನೆ, ನನಗೆ ಫೋನ್ ಮಾಡಿದಾನೆ, ಮಾರ್ಕೆಟ್ ಗಲಾಟೆಲಿ ನನಗೆ ಕೇಳಿಸ್ಲಿಲ್ಲ. ಮಗಳು ಮಾತ್ರ ಅಳ್ತಾ ಎದುರು ಮನೆ ಆಂಟಿ ಬಾಗಿಲಲ್ಲಿ ಹೋಗಿ ನಿಂತ್ಕೊಂಡ್ಲು ಅಷ್ಟೆ. ಆಂಟಿ ಬಂದು ಆಟೋ ಮಾಡಿಸಿ ಆಸ್ಪತ್ರೆಗೆ ಸೇರಿಸಿದ್ರು, ದೇವರ ದಯೆ ಅತ್ತೆ ಈಗ ಹುಷಾರಾಗಿದಾರೆ. ಎಲ್ರೂ ಮಗನ್ನ ಹೀರೋ ಅಂತಿದಾರೆ, ಅವನು ಹೇಳೋ ವಿಡಿಯೋ ನಮ್ಮ ಫ್ಯಾಮಿಲಿ ಗ್ರೂಪಿಂದ ಎಲ್ಲೆಲ್ಲಿಗೋ ಹೋಗಿದೆ. ಆದ್ರೆ ಅದೇ ಆಂಟಿ ಅವನಿಗೆ ಒಂದು ಪೆನ್ಸಿಲ್ ಬಾಕ್ಸ್ ತಂದುಕೊಟ್ರೆ "ನನ್ನತ್ರ ಇದೆ" ಅಂತ ವಾಪಸ್ ಕೊಟ್ಬಿಟ್ಟ. ನನಗೆ ಭೂಮಿ ಬಾಯ್ಬಿಡಬಾರದಾ ಅನ್ನಿಸ್ತು. ಥ್ಯಾಂಕ್ಸ್ ಹೇಳೋ ಅಂದ್ರೆ ಬಾಯಿ ಬಿಗಿ ಹಿಡ್ಕೊಂಡು ನಿಂತ. ಯಾರಿಗೂ ಹೇಳಲ್ಲ. ಸ್ಕೂಲಲ್ಲಿ ಕೃತಜ್ಞತೆ ಡೈರಿ ಬರೆಸ್ತಾರೆ, ದಿನಾ "ಅಮ್ಮ, ಅಪ್ಪ, ದೇವರು" ಅಂತ ಅದೇ ಮೂರು. ಬುದ್ಧಿ ಜಾಸ್ತಿ ಆದ್ರೆ ವಿನಯ ಹೋಗುತ್ತೆ ಅಂತಾರೆ ಅತ್ತೆ, ನಿಜನಾ? ಶೌರ್ಯ ಪ್ರಶಸ್ತಿಗೆ ಹಾಕಿ ಅಂತಿದಾರೆ, ಹಾಕೋದಾ? ಅತ್ತೆ ಸೈಕಲ್ ಕೊಡಿಸ್ತೀನಿ ಅಂದಿದಾರೆ, ಕೊಡಿಸಬಹುದಾ? ಇನ್ನೊಂದು, ರಾತ್ರಿ ಎದ್ದು ಹೋಗಿ ಅಜ್ಜಿ ಮೂಗಿನ ಹತ್ರ ಕೈ ಇಟ್ಟು ಉಸಿರು ನೋಡಿ ಬರ್ತಾನೆ, ನಮಗೆ ನಗು ಬರುತ್ತೆ, ಎಷ್ಟು ಪ್ರೀತಿ ನೋಡಿ ಅವನಿಗೆ.

ಉತ್ತರ: ನಿಮ್ಮ ಪತ್ರದಲ್ಲಿ ನಿಮಗೆ ದೊಡ್ಡದಾಗಿ ಕಂಡಿರೋದು ಥ್ಯಾಂಕ್ಸ್ ವಿಷಯ, ನನಗೆ ದೊಡ್ಡದಾಗಿ ಕಂಡಿದ್ದು ಕೊನೇ ಸಾಲು, ನೀವು ನಗ್ತಾ ಬರೆದಿರೋದು. ಅದಕ್ಕೆ ಬರ್ತೀನಿ. ಮಕ್ಕಳ ಸೈಕಾಲಜಿಸ್ಟ್ ಆಗಿ ಇಷ್ಟು ವರ್ಷ ಕೂತ ಮೇಲೆ ಒಂದು ಅಭ್ಯಾಸ ಆಗಿಬಿಟ್ಟಿದೆ, ಅಪ್ಪ ಅಮ್ಮ "ಅಂದಹಾಗೆ ಇನ್ನೊಂದು" ಅಂತ ಎದ್ದು ಹೋಗುವಾಗ ಹೇಳ್ತಾರಲ್ಲ, ಅದನ್ನ ಜಾಸ್ತಿ ಕಿವಿ ಕೊಟ್ಟು ಕೇಳ್ತೀನಿ.

ಮೊದಲು ಅತ್ತೆಯವರ ಮಾತು. ಬುದ್ಧಿ ಜಾಸ್ತಿ ಆದ್ರೆ ವಿನಯ ಹೋಗುತ್ತೆ ಅನ್ನೋದಕ್ಕೆ ಯಾವ ಆಧಾರನೂ ಇಲ್ಲ. ಚುರುಕು ಮಕ್ಕಳು ಮಾತಲ್ಲೂ ಚುರುಕಾಗಿರ್ತಾರೆ, ಅನಿಸಿದ್ದನ್ನ ತಕ್ಷಣ ಹೇಳಿಬಿಡ್ತಾರೆ, ಅದು ದೊಡ್ಡವರಿಗೆ ಅಹಂಕಾರದ ತರ ಕೇಳಿಸುತ್ತೆ, ಅಷ್ಟೇ ಸಂಬಂಧ. ಹಾಗಂತ "ನನ್ನ ಮಗ ಹುಟ್ಟಾ ಬುದ್ಧಿವಂತ" ಅನ್ನೋ ಇನ್ನೊಂದು ತುದಿಗೂ ಹೋಗಬೇಡಿ. ಸಮಯಸ್ಫೂರ್ತಿ ಅಂದ್ರೆ ಆಕಾಶದಿಂದ ಉದುರೋದಲ್ಲ. ಅವನನ್ನ ಒಂದ್ಸಲ ನಿಧಾನಕ್ಕೆ ಕೇಳಿ ನೋಡಿ, ಸಕ್ಕರೆ ಕೊಡ್ಬೇಕು ಅಂತ ಹೇಗೆ ಗೊತ್ತಾಯ್ತು ಅಂತ. ನೂರಕ್ಕೆ ತೊಂಬತ್ತು ಪಾಲು, ಹಿಂದೆ ಯಾವಾಗ್ಲೋ ಅಜ್ಜಿ ಕೈ ನಡುಗಿದಾಗ ಬಾಯಿಗೆ ಸಕ್ಕರೆ ಹಾಕ್ಕೊಂಡಿದ್ದನ್ನ ಅವನು ನೋಡಿರ್ತಾನೆ, ಇಲ್ಲಾ ಡಾಕ್ಟರ್ ಹೇಳಿದ್ದು ಕಿವಿಗೆ ಬಿದ್ದಿರುತ್ತೆ. ನಾವು ಟಿವಿ ನೋಡ್ತಾ ಮಾತಾಡ್ಕೋತಿರ್ತೀವಿ, ಪಕ್ಕದಲ್ಲಿ ಆಟ ಆಡೋ ಮಗು ಕೇಳಿಸ್ಕೋತಿಲ್ಲ ಅಂದ್ಕೋತೀವಿ, ಅದು ಎಲ್ಲಾ ಕೂಡಿಟ್ಕೋತಿರುತ್ತೆ.

2004ರ ಸುನಾಮಿ ಸಮಯದ ಒಂದು ಘಟನೆ ನೆನಪಿಸ್ಕೊಳ್ಳಿ. ಥಾಯ್ಲೆಂಡಿನ ಫುಕೆಟ್‌ನಲ್ಲಿ ಟಿಲ್ಲಿ ಸ್ಮಿತ್ ಅನ್ನೋ ಹತ್ತು ವರ್ಷದ ಇಂಗ್ಲೆಂಡ್ ಹುಡುಗಿ ಸಮುದ್ರದ ನೀರು ನೊರೆನೊರೆಯಾಗಿ ವಿಚಿತ್ರವಾಗಿ ಆಡೋದನ್ನ ನೋಡಿ ಸುನಾಮಿ ಬರ್ತಿದೆ ಅಂತ ಕೂಗಾಡಿದ್ಲು, ಅಪ್ಪ ಹೋಗಿ ಹೋಟೆಲಿನವರಿಗೆ ಹೇಳಿ ಬೀಚ್ ಖಾಲಿ ಮಾಡಿಸಿದ್ರು, ಆ ಬೀಚಲ್ಲಿದ್ದ ಸುಮಾರು ನೂರು ಜನ ಉಳಿದ್ರು. ಅವಳಿಗೆ ಅದು ಹೊಳೆದಿದ್ದು ಹೇಗೆ? ಎರಡು ವಾರದ ಹಿಂದಷ್ಟೇ ಜಿಯಾಗ್ರಫಿ ಮೇಷ್ಟ್ರು ಕ್ಲಾಸಲ್ಲಿ ಸುನಾಮಿ ಪಾಠ ಮಾಡಿದ್ರು. ನೋಡಿದ್ದು ತಲೆಲಿತ್ತು, ಕಣ್ಣ ಮುಂದೆ ಅದೇ ಕಂಡಿತು, ಇನ್ನೂ ಮುಖ್ಯ ಏನಂದ್ರೆ ಬಾಯಿಬಿಟ್ಟು ಹೇಳೋ ಧೈರ್ಯ ಇತ್ತು, ಮನೆಯವರು ಕೇಳಿಸ್ಕೊಂಡ್ರು. ಫೈರ್ ಬ್ರಿಗೇಡ್‌ನ ಅನುಭವಸ್ಥ ಅಧಿಕಾರಿಗಳ ಮೇಲೆ ಅಮೆರಿಕದ ಗ್ಯಾರಿ ಕ್ಲೈನ್ ಅನ್ನೋ ಸೈಕಾಲಜಿಸ್ಟ್ 1980ರ ದಶಕದಲ್ಲಿ ಅಧ್ಯಯನ ಮಾಡಿದಾಗ ಕಂಡಿದ್ದೂ ಇದೇ, ಅವರು ನಾಲ್ಕು ದಾರಿ ಎದುರಿಗಿಟ್ಕೊಂಡು ತೂಗಿ ನೋಡಲ್ಲ, ಮೊದಲೇ ಕಂಡಿದ್ದ ಸನ್ನಿವೇಶ ಇದು ಅಂತ ಗುರುತು ಹಿಡಿದು ನುಗ್ತಾರೆ. ನಿಮ್ಮ ಮನೆಲಿ ನಡೆದಿದ್ದು ಅದೇ, ಸಣ್ಣ ಪ್ರಮಾಣದಲ್ಲಿ.

ಈಗ ಯಾರೂ ಹೇಳದೇ ಇರೋ ಒಂದು ಮಾತು. ಮಗ ಮಾಡಿದ್ದು ಸರಿ, ಆದ್ರೆ ಸರಿಯಾಗಿದ್ದು ಅಜ್ಜಿಗೆ ಪ್ರಜ್ಞೆ ಇತ್ತು, ನುಂಗೋಕೆ ಆಗ್ತಿತ್ತು ಅನ್ನೋ ಕಾರಣಕ್ಕೆ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು, ಸಕ್ಕರೆ, ಜ್ಯೂಸ್ ಏನೂ ಹಾಕಬಾರದು, ಅದು ಉಸಿರುನಾಳಕ್ಕೆ ಹೋಗುತ್ತೆ. ಇಷ್ಟು ಹೊಗಳಿಸ್ಕೊಂಡ ಮಗು ಮುಂದಿನ ಸಲ ಅದನ್ನೇ ಮಾಡುತ್ತೆ, ಅಜ್ಜಿ ಎಚ್ಚರ ಇಲ್ದೆ ಬಿದ್ದಿದ್ರೂ ಲೋಟ ಹಿಡ್ಕೊಂಡು ಹೋಗುತ್ತೆ. ಹಾಗಾಗಿ ಹೀರೋ ಅನ್ನೋದಕ್ಕಿಂತ ಮೊದಲು ಈ ಪಾಠ ಆಗಬೇಕು: ಅಜ್ಜಿ ಮಾತಾಡ್ತಿದ್ರೆ, ನುಂಗೋಕಾದ್ರೆ ಸಕ್ಕರೆ ನೀರು. ಮಾತಾಡಿಸಿದ್ರೆ ಓಗೊಡ್ತಿಲ್ಲ ಅಂದ್ರೆ ಬಾಯಿಗೆ ಏನೂ ಬೇಡ, ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸೋದು, 108ಕ್ಕೋ 112ಕ್ಕೋ ಫೋನ್, ದೊಡ್ಡವರನ್ನ ಕರೆಯೋದು. ಹೊರಳಿಸೋಕೆ ಶಕ್ತಿ ಸಾಲಲ್ಲ ಅಂದ್ರೆ ಫೋನು, ಕೂಗು, ಅಷ್ಟೇ ಸಾಕು.

ನಾನು ಶುಗರ್ ಡಾಕ್ಟರ್ ಅಲ್ಲ, ಆದ್ರೂ ಮನೆಲಿ ಶುಗರ್ ಇರೋರೆಲ್ಲ ತಿಳ್ಕೊಂಡಿರಬೇಕಾದ್ದು ಇದು. ಶುಗರ್ 70ಕ್ಕಿಂತ ಕೆಳಗೆ ಹೋದ್ರೆ ಅದು ಲೋ ಶುಗರ್. ಸುಮಾರು 15 ಗ್ರಾಂ ಸಕ್ಕರೆ ಅಂದ್ರೆ ಮೂರು ನಾಲ್ಕು ಟೀ ಚಮಚ, ನೀರಲ್ಲಿ ಕಲಸಿ ಕೊಡೋದು, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡೋದು, ಏರಿಲ್ಲ ಅಂದ್ರೆ ಇನ್ನೊಂದ್ಸಲ. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ಒಂದೇ ತಗೊಳ್ಳೋರಿಗೆ ಸಾಮಾನ್ಯವಾಗಿ ಹೀಗಾಗಲ್ಲ, ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರದ ಮಾತ್ರೆ ತಗೊಂಡು ಊಟ ಬಿಟ್ರೆ ಆಗುತ್ತೆ, ಅದೂ ವಯಸ್ಸಾದವರಲ್ಲಿ ಒಂದ್ಸಲ ಸರಿಹೋದ ಮೇಲೂ ಕೆಲವು ಗಂಟೆ ಬಿಟ್ಟು ಮತ್ತೆ ಇಳೀಬಹುದು, ಅದಕ್ಕೇ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ಒಳ್ಳೇದಾಯ್ತು. ಅತ್ತೆ ಏಕಾದಶಿ ಬಿಡಲ್ಲ ಅಂದ್ರೆ ಮುಂದಿನ ಏಕಾದಶಿಗೆ ಮೊದಲು ಅವರ ಡಾಕ್ಟರ್ ಹತ್ರ ಹೋಗಿ ಉಪವಾಸದ ದಿನ ಯಾವ ಮಾತ್ರೆ, ಎಷ್ಟು ಅಂತ ಬರೆಸ್ಕೊಂಡು ಬನ್ನಿ. ಎಂಟು ವರ್ಷದ ಹುಡುಗನ ಸಮಯಸ್ಫೂರ್ತಿ ನಂಬ್ಕೊಂಡು ಉಪವಾಸ ಮಾಡೋಕಾಗಲ್ಲ.

ಇನ್ನು ನನ್ನನ್ನ ಸ್ವಲ್ಪ ಹೊತ್ತು ಸುಮ್ನೆ ಕೂರಿಸಿದ್ದು ನಿಮ್ಮ ಮಗಳ ಬಗ್ಗೆ ಬರೆದಿರೋ ಒಂದೇ ಸಾಲು. "ಮಗಳು ಮಾತ್ರ ಅಳ್ತಾ ಎದುರು ಮನೆ ಆಂಟಿ ಬಾಗಿಲಲ್ಲಿ ಹೋಗಿ ನಿಂತ್ಕೊಂಡ್ಲು ಅಷ್ಟೆ." ಅಷ್ಟೆ? ಅಮ್ಮ ಫೋನ್ ತೆಗೀಲಿಲ್ಲ, ಅಪ್ಪ ಅಂಗಡಿಲಿ, ಮನೆಲಿ ದೊಡ್ಡವರು ಅಂತ ಇದ್ದೋರಿಗೇ ಹುಷಾರಿಲ್ಲ. ಹತ್ತಿರದಲ್ಲಿದ್ದ ಒಬ್ಬ ದೊಡ್ಡವರನ್ನ ಕರ್ಕೊಂಡು ಬಂದಿದ್ದು ಯಾರು? ಆಂಟಿ ತಾವಾಗೇ ಬಂದ್ರಾ? ಆಟೋ ಬಂದಿದ್ದು ಆಂಟಿಯಿಂದ, ಆಂಟಿ ಬಂದಿದ್ದು ಈ ಹುಡುಗಿಯಿಂದ. ಅವಳ ಬಾಯಲ್ಲಿ ಮಾತು ಹೊರಟಿಲ್ಲ ಇರಬಹುದು, ಅಳು ಮಾತ್ರ ಬಂದಿರಬಹುದು, ಕಾಲು ಸರಿಯಾದ ಮನೆಗೇ ಹೋಗಿದೆ. ಸಕ್ಕರೆ ನೀರು ಅಜ್ಜಿಗೆ ಟೈಮ್ ಕೊಡ್ತು, ಆಸ್ಪತ್ರೆ ಮುಟ್ಟಿಸಿದ್ದು ಅಕ್ಕ. ಇಬ್ಬರೂ ಸೇರಿ ಮಾಡಿದ ಕೆಲಸದಲ್ಲಿ ಒಬ್ಬನ ವಿಡಿಯೋ ಊರೆಲ್ಲಾ ಓಡಾಡ್ತಿದೆ.

ಗಾಬರಿಲಿ ಕೆಲವರಿಗೆ ಕೈಕಾಲು ಚುರುಕಾಗುತ್ತೆ, ಕೆಲವರಿಗೆ ಗಂಟಲು ಕಟ್ಟುತ್ತೆ, ಕೆಲವರು ಕಂಬದ ತರ ನಿಂತುಬಿಡ್ತಾರೆ, ಇದು ಯೋಚನೆ ಮಾಡಿ ಆರಿಸ್ಕೊಳ್ಳೋದಲ್ಲ, ಮೆದುಳಿನ ಹಳೇ ಭಾಗ ನಮ್ಮನ್ನ ಕೇಳ್ದೇ ಮಾಡೋ ತೀರ್ಮಾನ. ಹೆದರಿ ನಿಂತ ಮಗು ದಡ್ಡ ಅಂತಾಗ್ಲಿ, ಅಜ್ಜಿ ಮೇಲೆ ಪ್ರೀತಿ ಕಮ್ಮಿ ಅಂತಾಗ್ಲಿ ಅಲ್ಲ. 12 ವರ್ಷದ ಹುಡುಗಿಗೆ ಅದೆಲ್ಲ ವಿವರಿಸಿ ಹೇಳಿದ್ರೆ ಅರ್ಥ ಆಗುತ್ತೆ. ಬಂದೋರೆಲ್ಲ "ನೀನು ದೊಡ್ಡೋಳು, ತಮ್ಮನ್ನ ನೋಡಿ ಕಲಿ" ಅಂದಿರ್ತಾರೆ ಅನ್ನೋದು ನನ್ನ ಊಹೆ, ತಪ್ಪಾಗಿದ್ರೆ ಸಂತೋಷ. ಆ ಮಾತು ಆ ವಯಸ್ಸಲ್ಲಿ ವರ್ಷಗಟ್ಟಲೆ ಒಳಗೆ ಕೂತಿರುತ್ತೆ. ಇವತ್ತು ರಾತ್ರಿನೇ ಅವಳನ್ನ ಒಬ್ಬಳೇ ಕೂರಿಸ್ಕೊಂಡು, ಆವತ್ತು ನೀನು ಆಂಟಿನ ಕರ್ಕೊಂಡು ಬರದೇ ಇದ್ದಿದ್ರೆ ಅಜ್ಜಿನ ಆಸ್ಪತ್ರೆಗೆ ಕರ್ಕೊಂಡು ಹೋಗೋರೇ ಇರ್ತಿರ್ಲಿಲ್ಲ ಕಣಮ್ಮ ಅಂತ ಹೇಳಿ. ಅಜ್ಜಿ ಬಾಯಲ್ಲೂ ಹೇಳಿಸಿ.

ಇಲ್ಲಿಂದಲೇ ನಿಮ್ಮ ಥ್ಯಾಂಕ್ಸ್ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ ಎರಡೂ ಬೇರೆ ಬೇರೆ ಅಲ್ಲ. ಮಕ್ಕಳು ಉಪಕಾರ ಸ್ಮರಣೆ ಕಲಿಯೋದು ಮನೆಲಿ ಯಾರ ಕೆಲಸ ಯಾರ ಕಣ್ಣಿಗೆ ಬೀಳುತ್ತೆ ಅನ್ನೋದನ್ನ ನೋಡಿ. ಅಕ್ಕ ಮಾಡಿದ್ದು ಯಾರಿಗೂ ಕಾಣ್ಲಿಲ್ಲ ಅನ್ನೋದನ್ನ ನಿಮ್ಮ ಮಗನೂ ನೋಡ್ತಿದಾನೆ. ಆಂಟಿಗೆ ನೀವು, ಯಜಮಾನ್ರು ಏನು ಹೇಳಿದ್ರಿ, ಹೇಗೆ ಹೇಳಿದ್ರಿ, ಆಟೋ ಡ್ರೈವರ್ ದುಡ್ಡು ತಗೊಂಡ್ರಾ, ಅವರನ್ನ ಮತ್ತೆ ಮಾತಾಡಿಸಿದ್ರಾ, ಇದ್ಯಾವುದೂ ಪತ್ರದಲ್ಲಿ ಇಲ್ಲ. ಮಾಡಿರ್ತೀರಿ, ಮಾಡಿಲ್ಲ ಅಂತ ನಾನು ಹೇಳ್ತಿಲ್ಲ, ಆದ್ರೆ ಮಕ್ಕಳ ಎದುರಿಗೆ ಮಾಡಿದ್ರಾ ಅನ್ನೋದು ಪ್ರಶ್ನೆ. 1980ರಲ್ಲಿ ಅಮೆರಿಕದಲ್ಲಿ ಎರಡರಿಂದ ಐದು ವರ್ಷದ ಮಕ್ಕಳಿಗೆ ಅಪ್ಪನೋ ಅಮ್ಮನೋ ಎದುರಿಗಿದ್ದಾಗ ಗಿಫ್ಟ್ ಕೊಟ್ಟು ನೋಡಿದ್ರು. ತಾವಾಗೇ ಥ್ಯಾಂಕ್ಸ್ ಅಂದ ಮಕ್ಕಳು ತೀರಾ ಕಮ್ಮಿ, ಹೆತ್ತವರು ಹೇಳು ಹೇಳು ಅಂತ ತಿವಿದಿದ್ದು ಜಾಸ್ತಿ, ತಮಾಷೆ ಅಂದ್ರೆ ಮಕ್ಕಳಿಗೆ ಹೇಳು ಅಂದ ಅಪ್ಪಂದಿರು ತಾವು ಥ್ಯಾಂಕ್ಸ್ ಹೇಳಿದ್ದು ಅಮ್ಮಂದಿರಿಗಿಂತ ಕಮ್ಮಿ. ನಮ್ಮ ಕಡೆ ಬೇರೆ ಇರುತ್ತೆ ಅಂತ ನನಗೇನೂ ನಂಬಿಕೆ ಇಲ್ಲ.

ಪೆನ್ಸಿಲ್ ಬಾಕ್ಸ್ ವಾಪಸ್ ಕೊಟ್ಟಿದ್ದು ನಿಮಗೆ ಅವಮಾನ ಅನ್ನಿಸಿದ್ದು ಸಹಜ. ಆದ್ರೆ ಎಂಟು ವರ್ಷದ ಹುಡುಗರ ಮಟ್ಟಿಗೆ ಅದು ಅಪರೂಪ ಏನಲ್ಲ. 1984ರಲ್ಲಿ ಕ್ಯಾರೊಲಿನ್ ಸಾರ್ನಿ ಅನ್ನೋರು ಒಂದು, ಮೂರು, ಐದನೇ ಕ್ಲಾಸಿನ ಮಕ್ಕಳಿಗೆ ಬೇಕಂತಲೇ ನಿರಾಸೆ ಆಗೋ ಅಂತ ಗಿಫ್ಟ್, ಎಳೇ ಕೂಸುಗಳ ಆಟಿಕೆ, ಕೊಟ್ಟು ಮುಖ ನೋಡಿದ್ರು. ಚಿಕ್ಕ ಮಕ್ಕಳು, ಅದರಲ್ಲೂ ಹುಡುಗರು, ಬೇಜಾರನ್ನ ಮುಖದಲ್ಲೇ ತೋರಿಸಿಬಿಟ್ರು, ನಗು ತಂದ್ಕೊಂಡು ಥ್ಯಾಂಕ್ಸ್ ಅಂದೋರು ಹೆಚ್ಚಾಗಿ ದೊಡ್ಡ ಹುಡುಗೀರು. ಕೊಟ್ಟವರ ಮನಸ್ಸಿಗೆ ಏನನ್ಸುತ್ತೆ ಅಂತ ಊಹೆ ಮಾಡೋದು ನಾಲ್ಕೈದು ವರ್ಷಕ್ಕೆ ಶುರುವಾಗುತ್ತೆ ಸರಿ, ಅದನ್ನ ತನ್ನ ಬೇಜಾರಿನ ಮೇಲೆ ಗೆಲ್ಲಿಸೋದು ಇನ್ನೂ ಎಷ್ಟೋ ವರ್ಷದ ಕೆಲಸ. ಅವನ ಲೆಕ್ಕದಲ್ಲಿ "ನನ್ನತ್ರ ಇದೆ" ಅನ್ನೋದು ಮಾಹಿತಿ, ಇನ್ಯಾರಿಗಾದ್ರೂ ಉಪಯೋಗ ಆಗ್ಲಿ ಅಂತಲೂ ಇರಬಹುದು. ಇನ್ನೊಂದು ಸಾಧ್ಯತೆನೂ ಇದೆ, ನನಗೆ ಅದೇ ಜಾಸ್ತಿ ಅನ್ನಿಸ್ತಿರೋದು. ಆ ದಿನದ ನೆನಪು ತರೋ ವಸ್ತು ಅವನಿಗೆ ಬೇಡ. ದೊಡ್ಡವರಿಗೆ ಅದು ಗೆದ್ದ ಕಥೆ, ಅವನಿಗೆ ಇನ್ನೂ ಅಜ್ಜಿ ಸತ್ತೇ ಹೋಗ್ತಿದ್ರು ಅನ್ನೋ ಕಥೆ.

ಅಲ್ಲೇ ನಿಲ್ಲಿಸಿ "ಹೇಳೋ, ಥ್ಯಾಂಕ್ಸ್ ಹೇಳೋ" ಅಂತ ಎಲ್ಲರ ಮುಂದೆ ಒತ್ತಾಯ ಮಾಡಿದ್ರೆ ಏನಾಗುತ್ತೆ ಅಂದ್ರೆ ಮಗುವಿಗೆ ಆಂಟಿ ಮರೆತುಹೋಗಿ ಅಮ್ಮನ ಜೊತೆ ಜಗ್ಗಾಟ ಅಷ್ಟೇ ಉಳಿಯುತ್ತೆ. ಹೇಳಿದ್ರೆ ಸೋತೆ, ಹೇಳದಿದ್ರೆ ಗೆದ್ದೆ. ಹಾಗಂತ ಬಿಟ್ಟುಬಿಡಿ, ದೊಡ್ಡವನಾದ ಮೇಲೆ ಕಲೀತಾನೆ ಅನ್ನೋ ಪಾರ್ಟಿಯೂ ನಾನಲ್ಲ. ಮರ್ಯಾದೆ ಮಾತು ಅಭ್ಯಾಸದಿಂದಲೇ ಬರೋದು, ಅಭ್ಯಾಸ ಮನೆಯಿಂದ ಹೊರಡೋಕೆ ಮುಂಚೆ ಆಗಬೇಕು, ಜನರ ಮುಂದೆ ಅಲ್ಲ. ಮದುವೆಗೆ ಹೋಗೋ ದಾರಿಲಿ, "ಯಾರಾದ್ರೂ ಏನಾದ್ರೂ ಕೊಟ್ರೆ, ನಿನ್ನತ್ರ ಇದ್ರೂ ತಗೋ, ಅವರ ಮುಖ ನೋಡಿ ಥ್ಯಾಂಕ್ಸ್ ಆಂಟಿ ಅನ್ನು, ಬೇಡ ಅನ್ನಿಸಿದ್ರೆ ಮನೆಗೆ ಬಂದ ಮೇಲೆ ನನಗೆ ಹೇಳು" ಅಂತ ಒಂದು ಮಾತು. ಅಲ್ಲಿ ಮರೆತ್ರೆ ನೀವೇ ಅವನ ಪರವಾಗಿ ಹೇಳಿ ಸುಮ್ನಾಗಿ. ನಾಚಿಕೆ ಸ್ವಭಾವದ ಮಕ್ಕಳಿಗಂತೂ ಬಾಯಿಮಾತೇ ಎಲ್ಲಕ್ಕಿಂತ ಕಷ್ಟದ್ದು, ಕೈಯಿಂದ ಮಾಡೋದು ಸುಲಭ.

ಕೈಯಿಂದ ಮಾಡೋದು ಅಂದ್ನಲ್ಲ, ಸ್ವಿಟ್ಜರ್ಲೆಂಡಿನ ಫ್ರಾಂಜಿಸ್ಕಾ ಬೌಮ್‌ಗಾರ್ಟನ್ ಅನ್ನೋರು 1938ರಲ್ಲೇ ಇದರ ಬಗ್ಗೆ ಬರೆದಿದಾರೆ. ನಿನ್ನ ದೊಡ್ಡ ಆಸೆ ಏನು, ಅದನ್ನ ಈಡೇರಿಸಿಕೊಟ್ಟವರಿಗೆ ನೀನೇನು ಮಾಡ್ತೀಯ ಅಂತ ಏಳರಿಂದ ಹದಿನೈದು ವರ್ಷದ ಮಕ್ಕಳನ್ನ ಕೇಳಿದ್ರು. ಚಿಕ್ಕವರು ತಮಗೆ ಇಷ್ಟದ ವಸ್ತುನೇ ಕೊಡ್ತೀವಿ ಅಂತಾರೆ, ದೊಡ್ಡವರಾಗ್ತಾ ಆಗ್ತಾ ಎದುರಿನವರಿಗೆ ಏನು ಬೇಕು ಅಂತ ಯೋಚಿಸ್ತಾರೆ. ಹಾಗಾಗಿ ನಿಮ್ಮ ಮಗ ಆಂಟಿಗೆ ತನ್ನ ಕ್ರಿಕೆಟ್ ಕಾರ್ಡೋ, ಅರ್ಧ ತಿಂದ ಚಾಕ್ಲೇಟೋ ಕೊಡ್ತೀನಿ ಅಂದ್ರೆ ದಯವಿಟ್ಟು "ಅದನ್ಯಾರೋ ಕೊಡ್ತಾರೆ" ಅಂತ ಕಿತ್ಕೊಂಡು ಸ್ವೀಟ್ ಬಾಕ್ಸ್ ಕೈಗಿಡಬೇಡಿ. ಅವನ ವಯಸ್ಸಿಗೆ ಅದೇ ನಿಜವಾದ ಕೃತಜ್ಞತೆ.

ನಮ್ಮ ಮನೆಗಳಲ್ಲಿ ಇದನ್ನ ಕಲಿಸೋ ಒಳ್ಳೇ ಪದ್ಧತಿಗಳೇ ಇವೆ, ನಾವು ಮಕ್ಕಳನ್ನ ಅದರಿಂದ ಹೊರಗಿಡ್ತೀವಿ ಅಷ್ಟೇ. ಪಕ್ಕದ ಮನೆಯಿಂದ ಡಬ್ಬಿಲಿ ಏನಾದ್ರೂ ಬಂದ್ರೆ ಖಾಲಿ ಡಬ್ಬಿ ವಾಪಸ್ ಕೊಡಲ್ಲ ಅಲ್ವಾ, ಚಕ್ಕುಲಿನೋ, ಮಂಡಕ್ಕಿ ಒಗ್ಗರಣೆನೋ, ಏನೂ ಇಲ್ಲಾಂದ್ರೆ ಒಂದು ಹಿಡಿ ಸಕ್ಕರೆನೋ ಹಾಕಿ ಕೊಡ್ತೀವಿ. ಡಬ್ಬಿಗೆ ಏನು ಹಾಕೋಣ ಅಂತ ಮಗನ್ನ ಕೇಳಿ, ಅವನ ಕೈಲೇ ತುಂಬಿಸಿ, ಅವನೇ ತಗೊಂಡು ಹೋಗ್ಲಿ, ಅಕ್ಕನೂ ಜೊತೆಗೆ ಹೋಗ್ಲಿ. ಅಲ್ಲಿ ಬಾಯ್ಬಿಟ್ಟು ಏನೂ ಹೇಳ್ದೆ ಡಬ್ಬಿ ಕೊಟ್ಟು ಓಡಿ ಬಂದ್ರೂ ಪರವಾಗಿಲ್ಲ. ಆಟೋ ಡ್ರೈವರ್ ಅಣ್ಣ ಸ್ಟ್ಯಾಂಡಲ್ಲಿ ಸಿಕ್ಕಾಗ ನೀವು ಗಾಡಿ ನಿಲ್ಲಿಸಿ, ಅತ್ತೆ ಹುಷಾರಾದ್ರು ಅಣ್ಣ, ಅವತ್ತು ನೀವು ಬಂದಿದ್ದು ದೊಡ್ಡ ಉಪಕಾರ ಅಂತ ಹೇಳೋದನ್ನ ಇಬ್ಬರೂ ನೋಡ್ಲಿ.

ಡೈರಿ ವಿಷಯ. ಇದು ಸ್ಕೂಲುಗಳಲ್ಲಿ ಈಗ ಫ್ಯಾಷನ್ ಆಗಿದೆ, ಉದ್ದೇಶ ಒಳ್ಳೇದೇ. 2008ರಲ್ಲಿ ಅಮೆರಿಕದ 221 ಮಕ್ಕಳ ಮೇಲೆ ನಡೆದ ಒಂದು ಹೆಸರುವಾಸಿ ಅಧ್ಯಯನದಲ್ಲಿ ಎರಡು ವಾರ ದಿನಾ ಐದು ವಿಷಯ ಬರೆದವರಿಗೆ ಸ್ಕೂಲ್ ಬಗ್ಗೆ ತೃಪ್ತಿ ಸ್ವಲ್ಪ ಹೆಚ್ಚಿತ್ತು ಅಂತ ಕಂಡಿತ್ತು, ಆದ್ರೆ ಅವರು ಆರು ಏಳನೇ ಕ್ಲಾಸಿನವರು. ಮೂರನೇ ಕ್ಲಾಸಿನವರಿಗೆ ಅದು ಕಾಪಿ ಬರೆಯೋ ಹೋಮ್‌ವರ್ಕ್ ಆಗಿಬಿಡುತ್ತೆ, "ಅಮ್ಮ ಅಪ್ಪ ದೇವರು" ಅಂತ ಬರೆದ್ರೆ ಮಿಸ್ ರೈಟ್ ಹಾಕ್ತಾರೆ ಅಂತ ಅವನಿಗೆ ಗೊತ್ತು, ಬೇಗ ಮುಗಿಸಿ ಆಟಕ್ಕೆ ಹೋಗ್ತಾನೆ. ಚುರುಕು ಅಂದ್ರೆ ಇದೂ ಚುರುಕೇ ಅಲ್ವಾ! ಸ್ಕೂಲಿನ ಜೊತೆ ಜಗಳ ಬೇಡ, ಬರೀಲಿ ಬಿಡಿ. ಮನೆಲಿ ಊಟಕ್ಕೆ ಕೂತಾಗ ಯಾವತ್ತಾದ್ರೂ "ಇವತ್ತು ಯಾರಾದ್ರೂ ನಿನಗೆ ಹೆಲ್ಪ್ ಮಾಡಿದ್ರಾ, ಅವರು ಯಾಕೆ ಮಾಡಿದ್ರು ಅಂತೀಯ" ಅಂತ ಕೇಳಿ. ಆ "ಯಾಕೆ" ಮುಖ್ಯ. ಅವರಿಗೆ ಬೇರೆ ಕೆಲಸ ಇತ್ತು, ಆದ್ರೂ ನನಗೋಸ್ಕರ ನಿಂತ್ರು ಅನ್ನೋದು ಹೊಳೆದಾಗಲೇ ಕೃತಜ್ಞತೆ ಹುಟ್ಟೋದು. ದಿನಾ ಕೇಳಿದ್ರೆ ಇದೂ ಹೋಮ್‌ವರ್ಕೇ.

ಹೊಗಳೋದರ ಬಗ್ಗೆ ಒಂದು ಮಾತು. 1998ರಲ್ಲಿ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ಕ್ಲಾಸಿನ ಮಕ್ಕಳಲ್ಲಿ ಕಂಡಿದ್ದು, "ನೀನು ಬುದ್ಧಿವಂತ" ಅಂತ ಹೊಗಳಿಸ್ಕೊಂಡವರು ಕಷ್ಟದ ಪಜಲ್‌ಗಳಲ್ಲಿ ಸೋತ ಮೇಲೆ ಬೇಗ ಕೈಚೆಲ್ತಾರೆ, "ಚೆನ್ನಾಗಿ ಪ್ರಯತ್ನಪಟ್ಟೆ" ಅನ್ನಿಸ್ಕೊಂಡವರು ಮುಂದುವರೀತಾರೆ. ಹೀರೋ ಅನ್ನೋ ಬಿರುದು ಇನ್ನೂ ಭಾರ. ನಾಳೆ ಇನ್ನೊಂದು ಸಲ ಅಜ್ಜಿಗೆ ಏನಾದ್ರೂ ಆಗಿ ಅವನು ಸ್ಕೂಲಲ್ಲಿದ್ರೆ? ಹೀರೋ ಇರ್ಲಿಲ್ಲ ಅದಕ್ಕೇ ಹೀಗಾಯ್ತು ಅಂದ್ಕೊಳ್ಳಲ್ವಾ? ನೀನು ಅಜ್ಜಿ ಕೈ ನಡುಗೋದು ನೋಡಿದೆ, ಸಕ್ಕರೆ ನೆನಪು ಮಾಡ್ಕೊಂಡೆ, ನನಗೆ ಫೋನ್ ಮಾಡಿದೆ ಅಂತ ಮಾಡಿದ್ದನ್ನ ಬಿಡಿಸಿ ಹೇಳಿ, ಬಿರುದು ಬೇಡ.

ಈಗ ಆ ಕೊನೇ ಸಾಲು. ರಾತ್ರಿ ಎದ್ದು ಉಸಿರು ನೋಡೋದು ಪ್ರೀತಿ ಹೌದು, ಜೊತೆಗೆ ಭಯ. ಮಗು ತಾನಾಗೇ ಡ್ಯೂಟಿ ಹಾಕ್ಕೊಂಡಿದೆ. ಹಗಲು ಎಲ್ಲರೂ "ನೀನಿಲ್ಲ ಅಂದಿದ್ರೆ ಅಜ್ಜಿ ಉಳೀತಿರ್ಲಿಲ್ಲ" ಅಂತಾರೆ, ಅವನು ಅದನ್ನ ಅಕ್ಷರಶಃ ತಗೊಂಡಿದಾನೆ. ಇಂಥ ಘಟನೆ ಆದ ಮೇಲೆ ಕೆಲವು ವಾರ ನಿದ್ದೆ ಕೆಡೋದು, ಅಂಟ್ಕೊಂಡೇ ಇರೋದು, ಸಾವಿನ ಬಗ್ಗೆ ಕೇಳೋದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗೋದು ಸಾಮಾನ್ಯ, ಬಹಳಷ್ಟು ಮಕ್ಕಳಲ್ಲಿ ತಾನಾಗೇ ಇಳಿಯುತ್ತೆ. ಅದು ಇಳಿಯೋಕೆ ಅವಕಾಶ ಕೊಡ್ಬೇಕು ಅಂದ್ರೆ ಮೊದಲು ಬಂದ ಬಂದ ನೆಂಟರ ಮುಂದೆ ಕಥೆ ಹೇಳಿಸೋದು ನಿಲ್ಲಿಸಿ. ಗ್ರೂಪಲ್ಲಿ ವಿಡಿಯೋ ಡಿಲೀಟ್ ಮಾಡಿ, ಫಾರ್ವರ್ಡ್ ಮಾಡಬೇಡಿ ಅಂತ ನೇರವಾಗಿ ಕೇಳ್ಕೊಳ್ಳಿ, ಯಾರಾದ್ರೂ ಮುಖ ಊದಿಸ್ಕೊಂಡ್ರೆ ಊದಿಸ್ಕೊಳ್ಳಿ.

ಆಮೇಲೆ ಡ್ಯೂಟಿನ ಅವನ ಕೈಯಿಂದ ವಾಪಸ್ ತಗೊಳ್ಳಿ, ಬಾಯಿಮಾತಲ್ಲಿ ಅಲ್ಲ, ಅವನ ಕಣ್ಣಿಗೆ ಕಾಣೋ ಹಾಗೆ. "ರಾತ್ರಿ ಅಜ್ಜಿನ ನೋಡ್ಕೊಳ್ಳೋದು ಅಪ್ಪನ ಕೆಲಸ, ನೀನು ಮಲ್ಕೋ" ಅಂತ ಅಪ್ಪನೇ ಹೇಳ್ಲಿ, ಮಲಗೋಕೆ ಮುಂಚೆ ಅಜ್ಜಿ ರೂಮಿಗೆ ಹೋಗಿ ಬರೋದು ಅವನಿಗೆ ಕಾಣ್ಲಿ. ಅತ್ತೆ ಮಷೀನಲ್ಲಿ ಶುಗರ್ ನೋಡ್ಕೊಳ್ಳುವಾಗ, ನೋಡು ಪುಟ್ಟ ಇವತ್ತು ಸರಿ ಇದೆ, ರಾತ್ರಿ ಊಟನೂ ಮಾಡ್ದೆ ಅಂತ ಅವರೇ ತೋರಿಸ್ಲಿ. ಅಜ್ಜಿಗೆ ಯಾಕೆ ಹಾಗಾಯ್ತು, ಇನ್ನು ಆಗದೇ ಇರೋಕೆ ದೊಡ್ಡವರು ಏನೇನು ಮಾಡಿದಾರೆ ಅಂತ ಗೊತ್ತಾದ್ರೆ ಮಗುವಿನ ತಲೆಲಿ ಆ ಕಥೆಗೆ ಒಂದು ಮುಗಿತಾಯ ಸಿಗುತ್ತೆ. ರಾತ್ರಿ ಎದ್ದು ಬಂದಾಗ ನಗಬೇಡಿ, ಬೈಬೇಡಿ, ಒಂದ್ಸಲ ಜೊತೇಲಿ ನೋಡಿ ಕರ್ಕೊಂಡು ಬಂದು ಮಲಗಿಸಿ.

ಒಂದು ತಿಂಗಳು ದಾಟಿದ್ರೂ ಇದೇ ಇದ್ರೆ, ಅಥವಾ ಅಜ್ಜಿನ ಬಿಟ್ಟು ಸ್ಕೂಲಿಗೆ ಹೋಗಲ್ಲ ಅಂದ್ರೆ, ಊಟ ಕಮ್ಮಿಯಾದ್ರೆ, ಬೆಚ್ಚಿ ಬೀಳೋದು, ಕೆಟ್ಟ ಕನಸು ಜಾಸ್ತಿ ಆದ್ರೆ ಒಬ್ಬರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ, ಫ್ರೀ. ನೇರವಾಗಿ ಹೋಗೋದಾದ್ರೆ ನಿಮ್ಮ ಜಿಲ್ಲಾ ಆಸ್ಪತ್ರೆ ಮಾನಸಿಕ ವಿಭಾಗ ಇದೆ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. ಮಗಳ ಕಡೆನೂ ಇದೇ ಕಣ್ಣಿರ್ಲಿ, ಸುಮ್ನಿರೋ ಮಕ್ಕಳಲ್ಲಿ ಇದು ತಡವಾಗಿ ಗೊತ್ತಾಗುತ್ತೆ.

ತುರ್ತು ವಿಷಯ ಕಲಿಸೋದನ್ನ ಇದರ ಜೊತೆ ಬೆರೆಸಬೇಡಿ, ಎರಡು ವಾರ ಬಿಟ್ಟು ಆಟದ ತರ ಮಾಡಿ. ಫೋನ್ ಲಾಕ್ ಆಗಿದ್ರೂ ಎಮರ್ಜೆನ್ಸಿ ಕಾಲ್ ಹೋಗುತ್ತೆ ಅಂತ ತೋರಿಸಿ, ನಿಜವಾಗಿ 112ಕ್ಕೆ ಒತ್ತಿ ಪ್ರಾಕ್ಟೀಸ್ ಮಾಡಬೇಡಿ ಮತ್ತೆ. ಮನೆ ಅಡ್ರೆಸ್ಸು, ಹತ್ರದ ದೇವಸ್ಥಾನನೋ ಸರ್ಕಲ್ಲೋ, ಅಜ್ಜಿಗೆ ಶುಗರ್ ಇದೆ ಅನ್ನೋದು, ಇಷ್ಟನ್ನ ಇಬ್ಬರೂ ಬಾಯಲ್ಲಿ ಹೇಳೋ ಹಾಗಾದ್ರೆ ಸಾಕು, ಒಂದು ಚೀಟಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಮತ್ತೆ ಏನು ಮಾಡಬಾರದು ಅನ್ನೋದು, ಇದು ಹೊಗಳಿಸ್ಕೊಂಡ ಮಕ್ಕಳಿಗೆ ಬೇಕೇ ಬೇಕು. ನೀರಿಗೆ ಯಾರಾದ್ರೂ ಬಿದ್ರೆ ಇಳಿಯಂಗಿಲ್ಲ, ಕೂಗೋದು, ಹಗ್ಗನೋ ಕೋಲೋ ಎಸೆಯೋದು. ಕರೆಂಟ್ ಹೊಡೆದವರನ್ನ ಮುಟ್ಟಂಗಿಲ್ಲ. ಬೆಂಕಿ ಅಂದ್ರೆ ಹೊರಗೆ ಓಡೋದು, ವಾಪಸ್ ಒಳಗೆ ಇಲ್ಲ. ನಮ್ಮ ಕೆರೆ, ಕೃಷಿ ಹೊಂಡಗಳಲ್ಲಿ ಒಂದು ಮಗುನ ಉಳಿಸೋಕೆ ಹೋಗಿ ಇನ್ನೆರಡು ಹೋದ ಸುದ್ದಿ ಎಷ್ಟು ಓದಿಲ್ಲ ನಾವು.

ಪ್ರಶಸ್ತಿ ಬಗ್ಗೆ ಇದಕ್ಕೇ ನನಗೆ ಎರಡು ಮನಸ್ಸು. 1957ರಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ಶಾಮಿಯಾನಕ್ಕೆ ಬೆಂಕಿ ಹತ್ತಿದಾಗ ಹರೀಶ್ ಚಂದ್ರ ಅನ್ನೋ 14 ವರ್ಷದ ಸ್ಕೌಟ್ ಹುಡುಗ ಕಂಬ ಹತ್ತಿ ಚಾಕುವಿಂದ ಬಟ್ಟೆ ಕತ್ತರಿಸಿದ, ಅಲ್ಲಿ ನೆಹರು ಕೂತಿದ್ರು, ಅಲ್ಲಿಂದ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಹುಟ್ಕೊಂಡಿತು. ನಮ್ಮ ರಾಯಚೂರು ಜಿಲ್ಲೆಯ ಹಿರೇರಾಯನಕುಂಪಿಯ ಹುಡುಗ ವೆಂಕಟೇಶ 2019ರ ಕೃಷ್ಣಾ ಪ್ರವಾಹದಲ್ಲಿ ಮುಳುಗಿದ ಸೇತುವೆ ಮೇಲೆ ನೀರಲ್ಲೇ ಮುಂದೆ ಓಡಿ ಆಂಬ್ಯುಲೆನ್ಸ್‌ಗೆ ದಾರಿ ತೋರಿಸಿದ, ಆ ವಿಡಿಯೋ ನೀವೂ ನೋಡಿರ್ತೀರಿ, ಅವನಿಗೂ ಪ್ರಶಸ್ತಿ ಬಂತು. ಆ ಹುಡುಗನ ಗುಂಡಿಗೆಗೆ ಕೈ ಮುಗೀತೀನಿ, ನನ್ನ ಹತ್ರ ಬರೋ ಯಾವ ಮಗುವಿಗೂ ಹಾಗೆ ಮಾಡು ಅಂತ ಹೇಳಲ್ಲ. ಕರ್ನಾಟಕ ಸರ್ಕಾರದ್ದು ಹುಡುಗರಿಗೆ ಹೊಯ್ಸಳ, ಹುಡುಗೀರಿಗೆ ಕೆಳದಿ ಚೆನ್ನಮ್ಮ ಶೌರ್ಯ ಪ್ರಶಸ್ತಿ ಇದೆ, ಮಕ್ಕಳ ದಿನಾಚರಣೆಗೆ ಕೊಡ್ತಾರೆ, ನಿಮ್ಮ ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಇಲಾಖೆ ಆಫೀಸಲ್ಲಿ ವಿಚಾರಿಸಿದ್ರೆ ಅರ್ಜಿ ವಿವರ ಸಿಗುತ್ತೆ. ಹಾಕಲೇಬೇಡಿ ಅನ್ನಲ್ಲ. ಆದ್ರೆ ಅರ್ಜಿ ಅಂದ್ರೆ ಮತ್ತೆ ಘಟನೆ ವಿವರ, ಫೋಟೋ, ಪೇಪರಿನವರು, ಸ್ಕೂಲ್ ಅಸೆಂಬ್ಲಿ. ಮಗ ರಾತ್ರಿ ನೆಮ್ಮದಿಯಾಗಿ ಮಲಗೋಕೆ ಶುರು ಮಾಡಿದ ಮೇಲೆ, ಅವನಿಗೆ ಬೇಕಾ ಅಂತ ಕೇಳಿ, ಬೇಕು ಅಂದ್ರೆ ನೋಡಿ. ಹಾಕೋದೇ ಆದ್ರೆ ಇಬ್ಬರ ಹೆಸರೂ ಹಾಕಿ.

ಸೈಕಲ್ ಕೊಡಿಸಿ, ಅತ್ತೆ ಆಸೆ ಯಾಕೆ ಮುರಿಯೋದು. ಆದ್ರೆ ಜೀವ ಉಳಿಸಿದ್ದಕ್ಕೆ ಅಂತ ಬೇಡ. 2008ರಲ್ಲಿ ವಾರ್ನೆಕೆನ್, ಟೊಮಾಸೆಲ್ಲೊ ಅನ್ನೋ ಸಂಶೋಧಕರು 20 ತಿಂಗಳ ಕೂಸುಗಳಲ್ಲೇ ನೋಡಿದಾರೆ, ಸಹಾಯ ಮಾಡಿದಾಗೆಲ್ಲ ಆಟಿಕೆ ಕೊಟ್ಟು ಆಮೇಲೆ ಕೊಡೋದು ನಿಲ್ಲಿಸಿದ್ರೆ ಆ ಮಕ್ಕಳು ಸಹಾಯ ಮಾಡೋದೇ ಕಮ್ಮಿ ಆಯ್ತು, ಏನೂ ಕೊಡದೇ ಇದ್ದ ಮಕ್ಕಳು ಮಾಡ್ತಾನೇ ಇದ್ರು. ಹುಟ್ಟಿದಹಬ್ಬಕ್ಕೋ ದೀಪಾವಳಿಗೋ ಕೊಡಿಸಿ, ಅದೇ ದಿನ ಮಗಳಿಗೂ ಅವಳಿಗೆ ಬೇಕಾದ್ದು ಏನಾದ್ರೂ ಬರ್ಲಿ. ಅವನು ಸೈಕಲ್ ನೋಡಿ ಥ್ಯಾಂಕ್ಸ್ ಹೇಳ್ದೆ ಹತ್ಕೊಂಡು ಓಡಿದ್ರೆ ಅವತ್ತೊಂದಿನ ಸುಮ್ನಿದ್ಬಿಡಿ.